ಪತ್ರಿಕೆಗೆ ಬಾರದ ಅಲೆ

ರಷ್ಯಾ ದೇಶದ ಭೂಪಟವನ್ನು ಹರಡಿಕೊಂಡು ನೋಡಿದಾಗ, ಇಷ್ಟು ವಿಶಾಲವಾದ ನೆಲವೂ ಅಲುಗಾಡುವುದುಂಟೆ ಎನ್ನಿಸುತ್ತದೆ. ಸೈಬೀರಿಯಾದ ನಡುಭಾಗದ ಮಟ್ಟಿಗೆ ಈ ಅನಿಸಿಕೆ ತಪ್ಪಲ್ಲ. ಅದು ಅತಿ ಪುರಾತನವಾದ ಶಿಲೆಯ ಮೇಲೆ ನೆಲೆನಿಂತಿದೆ. ಅಲ್ಲಿ ಭೂಕಂಪ ಅಪರೂಪ. ಭೂಮಿತಾಯಿಯ ಸಿಟ್ಟೆಲ್ಲ ದೇಶದ ಅಂಚುಗಳಲ್ಲಿದೆ: ಕಾಕಸಸ್ ಪರ್ವತಗಳಲ್ಲಿ, ಬೈಕಲ್ ಸರೋವರದ ಸುತ್ತ, ಸಖಾಲಿನ್ ದ್ವೀಪದಲ್ಲಿ. ಎಲ್ಲಕ್ಕಿಂತ ಮಿಗಿಲಾಗಿ ಪೂರ್ವದ ತುದಿಯ ಕಮ್ಚಾಟ್ಕದಲ್ಲಿ ಮತ್ತು ಅದರ ಕೆಳಗೆ ಮಣಿಸರದಂತೆ ಇಳಿದಿರುವ ಕುರಿಲ್ ದ್ವೀಪಗಳಲ್ಲಿ. ಅಲ್ಲಿ ಪೆಸಿಫಿಕ್ ಸಾಗರದ ತಳವು ವರ್ಷಕ್ಕೆ ಸುಮಾರು 8 ಸೆಂಟಿಮೀಟರಿನಂತೆ ನೆಲದ ಅಡಿಗೆ ನುಸುಳುತ್ತಿದೆ. ನುಸುಳುವ ಶಿಲೆಗಳು ಒಂದನ್ನೊಂದು ಕಚ್ಚಿಕೊಂಡು ದಶಕಗಟ್ಟಲೆ ಬಿಗಿದು ನಿಲ್ಲುತ್ತವೆ. ಕಡೆಗೊಮ್ಮೆ ಆ ಬಿಗಿ ಸಡಿಲಿದಾಗ ಕಡಲ ತಳವೇ ಚಿಮ್ಮುತ್ತದೆ. ಮೇಲಿನ ನೀರು ಅಲೆಯಾಗಿ ದಡದ ಕಡೆಗೆ ಹೊರಡುತ್ತದೆ.

ನಾನು ಹೇಳಹೊರಟಿರುವುದು ಅಂಥ ಒಂದು ಅಲೆಯ ಸಂಗತಿ. ಅದಕ್ಕಿಂತ ಹೆಚ್ಚಾಗಿ, ಅದರ ಹಿಂದೆಯೇ ಬಂದು ಕವಿದ ಮೌನದ ಸಂಗತಿ.

ಕುರಿಲ್ ದ್ವೀಪಮಾಲೆಯ ಉತ್ತರಕ್ಕೆ ಪರಮುಶೀರ್ ಎಂಬ ದ್ವೀಪವಿದೆ. ಅದರ ದಡದಲ್ಲಿರುವ ಊರು ಸೇವೆರೊ-ಕುರಿಲ್ಸ್ಕ್. 1945ರವರೆಗೆ ಅದು ಜಪಾನೀಯರದಾಗಿತ್ತು. ಯುದ್ಧ ಮುಗಿದು ದ್ವೀಪಗಳು ಸೋವಿಯತ್ ಒಕ್ಕೂಟಕ್ಕೆ ಸೇರಿದ ಮೇಲೆ, ಒಳನಾಡಿನಿಂದ ಸಾವಿರಾರು ಜನ ಮೀನುಗಾರಿಕೆಯ ಕೆಲಸಕ್ಕೆಂದು ಅಲ್ಲಿಗೆ ಬಂದು ನೆಲೆಸಿದರು. ಬಯಲುಸೀಮೆಯಿಂದ ಬಂದವರಿಗೆ ಕಡಲಿನ ಗುಣ ಹೊಸದು.

1952ರ ನವೆಂಬರ್ 5ರ ನಸುಕಿನಲ್ಲಿ, ನಾಲ್ಕು ಗಂಟೆಯ ಸುಮಾರಿಗೆ, ನೆಲ ನಡುಗಿತು. ಅದರ ಪ್ರಮಾಣ 9.0. ಮಾನವನ ಉಪಕರಣಗಳು ಅಳೆದಿರುವ ಅತಿ ದೊಡ್ಡ ಭೂಕಂಪಗಳಲ್ಲಿ ಅದೂ ಒಂದು. ಜನ ಕತ್ತಲಲ್ಲಿ ಹೊರಗೋಡಿ ಬಂದರು. ನಡುಕ ನಿಂತಿತೆಂದು ಎಷ್ಟೋ ಮಂದಿ ಮತ್ತೆ ಮನೆಯೊಳಗೆ ಹೋದರು. ಮುಕ್ಕಾಲು ಗಂಟೆಯೊಳಗಾಗಿ ಮೊದಲ ಅಲೆ ಬಂತು. ಸಾಧ್ಯವಾದವರು ಗುಡ್ಡ ಹತ್ತಿದರು. ನೀರು ಹಿಂದಕ್ಕೆ ಸರಿಯಿತು. ಆಗ ಗುಡ್ಡದ ಮೇಲಿದ್ದವರು, ಗಂಡಾಂತರ ಕಳೆಯಿತೆಂದು ಭಾವಿಸಿ, ತಮ್ಮವರನ್ನು ಹುಡುಕಲು, ಅಳಿದುಳಿದ ಸಾಮಾನು ತರಲು ಕೆಳಗಿಳಿದರು. ಅವರನ್ನು ಎದುರುಗೊಂಡದ್ದು ಎರಡನೆಯ ಅಲೆ. ಅದು ಮೊದಲನೆಯದಕ್ಕಿಂತ ಎತ್ತರವಾಗಿತ್ತು. ಊರಿನ ಸುಮಾರು 6,000 ಜನರಲ್ಲಿ 2,336 ಮಂದಿ ಸತ್ತರೆಂದು ಅಧಿಕೃತ ಲೆಕ್ಕ.

ಎರಡು ದಿನ ಕಳೆದರೆ ನವೆಂಬರ್ 7. ಅಕ್ಟೋಬರ್ ಕ್ರಾಂತಿಯ 35ನೆಯ ವಾರ್ಷಿಕೋತ್ಸವ. ಮಾಸ್ಕೋದಲ್ಲಿ ಮೆರವಣಿಗೆ ನಡೆಯಿತು. ಪತ್ರಿಕೆಗಳಲ್ಲಿ ಉತ್ಸವದ ವರದಿ ಬಂತು. ಅಲೆಯ ವಿಷಯ ಒಂದು ಸಾಲೂ ಬರಲಿಲ್ಲ. ಬದುಕುಳಿದವರನ್ನು ಹಡಗುಗಳಲ್ಲಿ ಬೇರೆಡೆಗೆ ಸಾಗಿಸಿದರು.

ಆದರೆ ಕಡಲಿಗೆ ಗುಟ್ಟು ಕಾಯುವ ಅಭ್ಯಾಸವಿಲ್ಲ. ಅದೇ ಅಲೆ ಸಾಗರವನ್ನು ದಾಟಿ ಹವಾಯಿ ದ್ವೀಪಗಳ ದಡವನ್ನು ಬಡಿಯಿತು. ಅಲ್ಲಿ ದೋಣಿಗಳು ಒಡೆದವು, ಮನೆಗಳಿಗೆ ಹಾನಿಯಾಯಿತು. ಮನುಷ್ಯರು ಯಾರೂ ಸಾಯಲಿಲ್ಲ. ಆರು ಹಸುಗಳು ಸತ್ತವೆಂದು ಅಲ್ಲಿನ ದಾಖಲೆ ಹೇಳುತ್ತದೆ. ಈ ವಿವರ ಓದಿದಾಗ ನಾನು ಪುಸ್ತಕವನ್ನು ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಸಾವಿರಾರು ಮೈಲಿ ಆಚೆ ಸತ್ತ ಆರು ಹಸುಗಳಿಗೆ ಲೆಕ್ಕದಲ್ಲಿ ಜಾಗ ಸಿಕ್ಕಿತು. ಅಲೆ ಹುಟ್ಟಿದ ಕಡೆಯಲ್ಲೇ ಸತ್ತ ಎರಡು ಸಾವಿರಕ್ಕೂ ಮಿಕ್ಕಿದ ಜನರಿಗೆ ತಮ್ಮ ದೇಶದ ಪತ್ರಿಕೆಯಲ್ಲಿ ಒಂದು ಸಾಲಿನ ಜಾಗವೂ ಸಿಗಲಿಲ್ಲ. ವಿವರಗಳು ಜನರ ಮುಂದೆ ಬರಲು ಹಲವು ದಶಕಗಳೇ ಬೇಕಾದವು.

ಆ ದೇಶಕ್ಕೆ ಭೂಕಂಪದ ಅರಿವಿರಲಿಲ್ಲ ಎನ್ನುವಂತೆಯೂ ಇಲ್ಲ. ವಿದ್ಯುತ್ಕಾಂತ ತತ್ತ್ವದ ಮೇಲೆ ನಡೆಯುವ ಮೊದಲ ಭೂಕಂಪಮಾಪಕವನ್ನು 1906ರಲ್ಲಿ ರಚಿಸಿದವನು ಅಲ್ಲಿನ ಬೋರಿಸ್ ಗೊಲಿತ್ಸಿನ್. ಅದಕ್ಕೂ ಬಹು ಹಿಂದೆ, 1737ರಲ್ಲಿ, ಇದೇ ಕಮ್ಚಾಟ್ಕದ ದಡದಲ್ಲಿ ಇಂಥದೇ ಅನರ್ಥ ನಡೆದಿತ್ತು. ಆಗ ಅಲ್ಲಿಗೆ ಹೋಗಿದ್ದ ಸ್ಟೆಪಾನ್ ಕ್ರಾಶೆನಿನ್ನಿಕೊವ್ ಎಂಬ ತರುಣ ವಿದ್ವಾಂಸ, ಕಡಲು ಏರಿ, ಹಿಂದೆ ಸರಿದು, ಮೊದಲಿಗಿಂತ ಎತ್ತರವಾಗಿ ಮರಳಿ ಬಂದುದನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟ. ಅದು 1755ರಲ್ಲಿ ಅಚ್ಚಾಯಿತು. ಹಿಂದೆ ಸರಿದ ನೀರನ್ನು ನಂಬಬೇಡಿ ಎಂಬ ಪಾಠ ಸುಮಾರು ಇನ್ನೂರು ವರ್ಷ ಪುಸ್ತಕದಲ್ಲಿತ್ತು. ಗುಡ್ಡದಿಂದ ಕೆಳಗಿಳಿದವರಿಗೆ ಅದನ್ನು ಹೇಳಿದವರಿಲ್ಲ. ಅರಿವು ಇರುವುದು ಬೇರೆ, ಅದು ಅಗತ್ಯವಿದ್ದವನ ಕಿವಿಗೆ ಮುಟ್ಟುವುದು ಬೇರೆ.

ಆ ಅಲೆಯ ತರುವಾಯ ಸೋವಿಯತ್ ಸರ್ಕಾರ ಪೂರ್ವ ತೀರದಲ್ಲಿ ಮುನ್ನೆಚ್ಚರಿಕೆಯ ವ್ಯವಸ್ಥೆಯನ್ನು ಕಟ್ಟಿತು. ಊರನ್ನು ಎತ್ತರದ ನೆಲದಲ್ಲಿ ಮತ್ತೆ ಕಟ್ಟಿದರು. 2025ರ ಜುಲೈ 30ರಂದು ಅದೇ ಕಡಲ ತಳ ಮತ್ತೆ ಚಿಮ್ಮಿತು, ಪ್ರಮಾಣ 8.8. ಅಲೆ ಸೇವೆರೊ-ಕುರಿಲ್ಸ್ಕ್‌ನ ಬಂದರಿಗೆ ನುಗ್ಗಿತು. ಜನ ಮಾತ್ರ ಗುಡ್ಡದ ಮೇಲಿದ್ದರು. ಊರಿನಲ್ಲಿ ಒಂದು ಜೀವವೂ ಹೋಗಲಿಲ್ಲ.

ಎರಡು ಭೂಕಂಪಗಳ ಬಲದಲ್ಲಿ ಇದ್ದ ಅಂತರ, ಸಾವಿನ ಲೆಕ್ಕದ ಈ ಅಂತರಕ್ಕೆ ಸಾಲದು. ಭೂಮಿ ನಡುಗುವುದನ್ನು ತಡೆಯುವ ಶಕ್ತಿ ಯಾವ ಪ್ರಭುತ್ವಕ್ಕೂ ಇಲ್ಲ. ಕಂಡದ್ದನ್ನು ಹೇಳುವುದು, ಹೇಳಿದ್ದನ್ನು ನೆನಪಿಡುವುದು ಮನುಷ್ಯನ ಕೈಯಲ್ಲಿದೆ. 1952ರಲ್ಲಿ ಗುಡ್ಡ ಇಳಿದವರ ಪಾಡನ್ನು ಬಲ್ಲವರು, 2025ರಲ್ಲಿ ಗುಡ್ಡದಿಂದ ಇಳಿಯಲಿಲ್ಲ.