ಒಂದು ಗಾಜು, ಮೂವತ್ತಾರು ಚಿತ್ರ

ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ ಸಂಜೆ ಪಾಳಿ ಬಿಡುವ ಹೊತ್ತು. ಕಾರ್ಖಾನೆಯ ಗೋಡೆಯ ಮೇಲೆ ಓರೆ ಬಿಸಿಲು, ಅದರ ಮುಂದೆ ಸೈಕಲ್ಲು, ಟಿಫಿನ್ ಕ್ಯಾರಿಯರ್, ಉದ್ದುದ್ದ ನೆರಳು. ಮೊಬೈಲನ್ನು ಕಪ್ಪುಬಿಳುಪಿಗೆ ಹಾಕಿ ಒಂದೇ ಸಮನೆ ಒತ್ತಿದೆ. ಮನೆಗೆ ಬಂದು ಎಣಿಸಿದರೆ ನೂರಕ್ಕೂ ಹೆಚ್ಚು ಚಿತ್ರ, ಒಂದರಲ್ಲೂ ಜೀವವಿಲ್ಲ. ಆಗ ನೆನಪಾದವರು, ಇಲ್ಲಿಂದ ದೂರವೇನಲ್ಲದ ಸಿಕಂದರಾಬಾದಿನಲ್ಲಿ ಸ್ಟುಡಿಯೋ ಇಟ್ಟಿದ್ದ ಲಾಲಾ ದೀನ್ ದಯಾಳ್.

1844ರಲ್ಲಿ ಮೀರತ್ ಬಳಿಯ ಸರ್ಧಾನಾದಲ್ಲಿ ಹುಟ್ಟಿದ ದೀನ್ ದಯಾಳ್ ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿದವರು. ಇಂದೋರಿನಲ್ಲಿ ಸರ್ಕಾರಿ ನೌಕರಿ ಮಾಡುತ್ತಾ ಕ್ಯಾಮೆರಾ ಹಿಡಿದು, ಕೊನೆಗೆ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಇದೇ ನಿಜಾಮರ ಸೀಮೆ.

ಅವರ ಕಾಲಕ್ಕೆ ಹಸಿ ಗಾಜಿನ ತಟ್ಟೆ ಹೋಗಿ ಒಣ ತಟ್ಟೆ ಬಂದಿತ್ತು. ಒಳ್ಳೆಯ ಬಿಸಿಲಿದ್ದರೆ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಚಿತ್ರ ಸಿಗುತ್ತಿತ್ತು. ಆದರೆ ಒಂದು ಚಿತ್ರಕ್ಕೆ ಒಂದು ಗಾಜು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮರದ ಪೆಟ್ಟಿಗೆ. ಆ ತಟ್ಟೆಗಳಿಗೆ ಕೆಂಪು ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ, ನೀಲಿ ಅತಿಯಾಗಿ ಕಾಣುತ್ತಿತ್ತು. ಹಾಗಾಗಿ ಆಕಾಶವೆಲ್ಲ ಬರೀ ಬಿಳುಪು. ಆ ಬಿಳುಪಿನ ಮೇಲೆ ಮಿನಾರಿನ ಅಂಚು ಎಲ್ಲಿ ನಿಲ್ಲಬೇಕು, ನೆರಳು ಯಾವ ಕಡೆ ಬೀಳಬೇಕು ಎಂಬುದನ್ನು ಮೊದಲೇ ನಿರ್ಧರಿಸಬೇಕಿತ್ತು. ಪೆಟ್ಟಿಗೆ ಕಂಡ ಜನ ನಿಂತು ನೋಡುತ್ತಿದ್ದರು. ಆ ಕಾಲದ ಎಷ್ಟೋ ಬೀದಿಚಿತ್ರಗಳಲ್ಲಿ ಅವರು ಇವತ್ತಿಗೂ ನಮ್ಮನ್ನೇ ದಿಟ್ಟಿಸುತ್ತಿದ್ದಾರೆ.

1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂತು. ಕೋಟಿನ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕ ಕ್ಯಾಮೆರಾ, ಒಂದು ರೋಲಿಗೆ 36 ಚಿತ್ರ. ಪ್ಯಾರಿಸ್ಸಿನಲ್ಲಿ 1932ರಲ್ಲಿ ಆನ್ರಿ ಕಾರ್ತಿಯೆ-ಬ್ರೆಸ್ಸೋ ರೈಲು ನಿಲ್ದಾಣದ ಹಿಂದೆ ನೀರು ದಾಟಲು ಹಾರಿದವನೊಬ್ಬನನ್ನು ಬೇಲಿಯ ಸಂದಿನಿಂದ ಸೆರೆಹಿಡಿದರು. ಹಿಮ್ಮಡಿ ನೀರಿಗೆ ತಾಗುವ ಮೊದಲಿನ ಕ್ಷಣ ಅದು. 1952ರ ಅವರ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ‘ನಿರ್ಣಾಯಕ ಕ್ಷಣ’ ಎಂಬರ್ಥದ ಹೆಸರು ಬಿತ್ತು, ಜಗತ್ತು ಅದನ್ನೇ ಮಂತ್ರ ಮಾಡಿಕೊಂಡಿತು. ಫ್ರೆಂಚ್ ಹೆಸರಿನ ಧಾಟಿಯೇ ಬೇರೆ. ಲೈಸೆನ್ಸಿಲ್ಲದೆ ಬೀದಿಯಲ್ಲಿ ಸರಕು ಹರಡಿ, ಪೊಲೀಸರನ್ನು ಕಂಡರೆ ಗಂಟುಕಟ್ಟಿ ಓಡುವ ವ್ಯಾಪಾರಕ್ಕೆ ಹೇಳುವ ಮಾತು ಅದು. ಅವಸರವೂ ಇದೆ, ಕದ್ದುಮುಚ್ಚಿ ಎಂಬ ಅರ್ಥವೂ ಇದೆ. ಚಿಕ್ಕ ಕ್ಯಾಮೆರಾ ನಡೆದಾಡುವ ಮನುಷ್ಯನನ್ನು ಚಿತ್ರದೊಳಗೆ ತಂದಿತು ನಿಜ, ಆದರೆ ಅವನಿಗೆ ಗೊತ್ತಿಲ್ಲದಂತೆ ತಂದಿತು.

ಇದಕ್ಕೆ ನಮ್ಮಲ್ಲೊಂದು ಉತ್ತರವಿದೆ: ಮೈಸೂರಿನ ಟಿ. ಎಸ್. ಸತ್ಯನ್ (1923–2009). 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿ, ಮುಂದೆ ದೇಶವಿದೇಶದ ಪತ್ರಿಕೆಗಳಿಗೆ ಚಿತ್ರ ತೆಗೆದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಸತ್ಯನ್ ಅವರ ಕಪ್ಪುಬಿಳುಪಿನಲ್ಲಿ ದೊಡ್ಡವರಿಗಿಂತ ಸಾಮಾನ್ಯರೇ ಹೆಚ್ಚು. ಅವರ ಚಿತ್ರಗಳಲ್ಲಿ ಕ್ಷಣ ಇದೆ, ಕಳ್ಳತನ ಇಲ್ಲ. ಎದುರಿನವರು ಛಾಯಾಗ್ರಾಹಕನನ್ನು ಒಪ್ಪಿಕೊಂಡು, ಆಮೇಲೆ ಮರೆತು, ತಮ್ಮ ಕೆಲಸಕ್ಕೆ ಮರಳಿದ ಹಾಗೆ ಕಾಣುತ್ತಾರೆ. ಅಷ್ಟಾಗಬೇಕಾದರೆ ಕಾಯಬೇಕು.

ನನ್ನ ನೂರು ಚಿತ್ರ ಸೋತದ್ದು ಅಲ್ಲೇ. ಗಾಜು ಒಂದೇ ಇದ್ದಾಗ ಕಾಯದೆ ಗತಿಯಿರಲಿಲ್ಲ. ಮೂವತ್ತಾರಿದ್ದಾಗಲೂ ಎಣಿಕೆ ಇತ್ತು. ಎಣಿಕೆ ಹೋದ ಮೇಲೆ ಬೆರಳು ಕೆಲಸ ಮಾಡಿತು, ಕಣ್ಣು ಸುಮ್ಮನಾಯಿತು.

ಮುಂದಿನ ವಾರ ಅದೇ ಗೋಡೆಯ ಎದುರು, ಹನ್ನೆರಡಕ್ಕಿಂತ ಹೆಚ್ಚು ತೆಗೆಯಬಾರದೆಂದು ನಿಶ್ಚಯಿಸಿ ನಿಂತೆ. ಮೊದಲು ಜಾಗ ಆರಿಸಿದೆ, ನೆರಳು ಗೇಟಿನ ತುದಿ ಮುಟ್ಟಲೆಂದು ಕಾದೆ. ಸುಮಾರು ಹೊತ್ತು ನಿಂತದ್ದನ್ನು ಕಂಡ ಒಬ್ಬ ಕಾರ್ಮಿಕರು ಸೈಕಲ್ ನಿಲ್ಲಿಸಿ, “ಮಾ ಫೋಟೋ ಎಂದುಕು ಸಾರ್?” ಎಂದರು. ನಮ್ಮ ಫೋಟೋ ಯಾಕೆ ಎಂಬ ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಬಿಸಿಲು ಚೆನ್ನಾಗಿದೆ, ಗೋಡೆ ಚೆನ್ನಾಗಿದೆ ಎಂದು ಹರಕುಮುರುಕು ತೆಲುಗಿನಲ್ಲಿ ಹೇಳಿದೆ. ಅವರು ನಕ್ಕು, ಗೋಡೆಯನ್ನೊಮ್ಮೆ ನೋಡಿ, ಸೈಕಲ್ ಹಿಡಿದು ನಿಂತರು.

ಆವತ್ತು ಉಳಿದದ್ದು ಒಂದೇ ಚಿತ್ರ. ಅದರಲ್ಲಿ ಅವರು ನೇರವಾಗಿ ನೋಡುತ್ತಿದ್ದಾರೆ.