ಗಾಜಿನ ಮೇಲೆ ಮೂಡಿದ ಬರ

1876ರಲ್ಲಿ ಧಾತು ಸಂವತ್ಸರ, ಮರುವರ್ಷ ಈಶ್ವರ. ಈ ಎರಡು ವರ್ಷಗಳಲ್ಲಿ ಮಳೆ ಕೈಕೊಟ್ಟು ದಕ್ಷಿಣ ಭಾರತವನ್ನು ಭೀಕರ ಕ್ಷಾಮ ಆವರಿಸಿತು. ಹರಿಹರ, ಅದರ ನೆರೆಯ ಗುತ್ತೂರು, ದಾವಣಗೆರೆ ಆಗ ಮೈಸೂರು ಸಂಸ್ಥಾನದ ಉತ್ತರದ ಅಂಚಿನಲ್ಲಿದ್ದವು. ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ; ಪಕ್ಕದ ಹರಪನಹಳ್ಳಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮೂರು ಆಡಳಿತಗಳ ಗಡಿ ಕೂಡುವ ಈ ಸೀಮೆಯಲ್ಲಿ ಬರ ಯಾವ ಗಡಿಯನ್ನೂ ನೋಡಲಿಲ್ಲ.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ಮೀರಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷ. ವಿದ್ಯಾರ್ಥಿಗಳೇ, ಈ ಅಂಕಿಗಳನ್ನು ಓದಿದಾಗ ನಿಮ್ಮ ಗಂಟಲು ಕಟ್ಟಿತೇ? ಬಹುಶಃ ಇಲ್ಲ. ಅದೇ ಬರದ ಒಂದು ಛಾಯಾಚಿತ್ರವನ್ನು ನೋಡಿ. ಎಣಿಸಬಹುದಾದ ಪಕ್ಕೆಲುಬುಗಳು, ಕಡ್ಡಿಯಂಥ ಕಾಲುಗಳು, ನೇರವಾಗಿ ನಮ್ಮನ್ನೇ ನೋಡುವ ಕಣ್ಣುಗಳು. ಪುಟ ತಿರುಗಿಸಲು ಕೈ ಬರುವುದಿಲ್ಲ.

ಅಂಥ ಚಿತ್ರಗಳನ್ನು ತೆಗೆದವನು ಮದರಾಸು ಸೈನ್ಯದ ಅಧಿಕಾರಿ ವಿಲೋಬಿ ವಾಲೇಸ್ ಹೂಪರ್. ಆಗ ಬಳಕೆಯಲ್ಲಿದ್ದುದು ಒದ್ದೆ ಕೊಲೋಡಿಯನ್ ವಿಧಾನ. ಗಾಜಿನ ಹಲಗೆಗೆ ಅಂಟು ದ್ರಾವಣ ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಆರುವ ಮೊದಲೇ ಚಿತ್ರ ತೆಗೆದು ಕತ್ತಲಕೋಣೆಯಲ್ಲಿ ಸಂಸ್ಕರಿಸಬೇಕು. ಬೆಳಕಿಗೆ ಒಡ್ಡುವಷ್ಟು ಹೊತ್ತು ಎದುರಿಗಿದ್ದವರು ಅಲುಗಾಡುವಂತಿಲ್ಲ. ಅಂದರೆ ಇವು ದಾರಿಯಲ್ಲಿ ಕಂಡದ್ದನ್ನು ಥಟ್ಟನೆ ಹಿಡಿದ ಚಿತ್ರಗಳಲ್ಲ. ನಿಲ್ಲಲೂ ತ್ರಾಣವಿಲ್ಲದವರನ್ನು ಸಾಲಾಗಿ ಕೂರಿಸಿ, ಅಲುಗದಿರಲು ಹೇಳಿ ತೆಗೆದವು. ಕ್ಯಾಮೆರಾ ಜೋಡಿಸುವಷ್ಟು ಹೊತ್ತಿನಲ್ಲಿ ಒಂದು ಬೊಗಸೆ ಗಂಜಿ ಕೊಡಬಹುದಿತ್ತಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಹೂಪರ್ ಆ ಕಾಲದಲ್ಲೇ ಟೀಕೆಗೆ ಗುರಿಯಾದ. 1886ರಲ್ಲಿ ಬರ್ಮಾದ ಮಂಡಲೆಯಲ್ಲಿ ಕೈದಿಗಳನ್ನು ಗುಂಡಿಕ್ಕುವ ಗಳಿಗೆಯನ್ನು ಚಿತ್ರಿಸಿದ್ದಕ್ಕಂತೂ ವಿಚಾರಣೆಯೇ ನಡೆದು ಛೀಮಾರಿ ಹಾಕಿಸಿಕೊಂಡ.

ಪತ್ರಿಕೆಗಳು ಛಾಯಾಚಿತ್ರವನ್ನು ನೇರವಾಗಿ ಅಚ್ಚುಮಾಡುವ ತಂತ್ರ ಆಗಿನ್ನೂ ರೂಢಿಗೆ ಬಂದಿರಲಿಲ್ಲ. ಕೆತ್ತನೆಗಾರರು ಮರದ ಅಚ್ಚು ಕೆತ್ತಬೇಕಿತ್ತು. 1877ರ ಅಕ್ಟೋಬರಿನಲ್ಲಿ ಲಂಡನ್ನಿನ 'ಗ್ರಾಫಿಕ್' ಪತ್ರಿಕೆ ಬಳ್ಳಾರಿ ಜಿಲ್ಲೆಯ ಇಬ್ಬರು ಅನಾಥ ಮಕ್ಕಳ ಕೆತ್ತನೆ ಪ್ರಕಟಿಸಿತು. ಅದೇ ತಿಂಗಳ 20ರಂದು 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದು ಕುಳಿತ ಜನರನ್ನು ತೋರಿಸಿತು. ಲಂಡನ್ನಿನ ಪರಿಹಾರ ನಿಧಿ ಆಗಸ್ಟಿನಲ್ಲೇ ಆರಂಭವಾಗಿದ್ದರಿಂದ, ಚಿತ್ರ ನೋಡಿದ ಮೇಲೆಯೇ ಜನ ಹಣ ಕೊಟ್ಟರು ಎನ್ನುವುದು ಅತಿಶಯೋಕ್ತಿ. ಆದರೆ ಸಾವಿರಾರು ಮೈಲಿ ದೂರದ ಹಸಿವಿಗೆ ಮುಖ ಬಂದದ್ದು ಈ ಚಿತ್ರಗಳಿಂದ. ದೃಶ್ಯಮಾಧ್ಯಮದಲ್ಲಿ ದುಡಿಯುವ ನಮಗೆ ಈ ಶಕ್ತಿಯೂ ಗೊತ್ತು, ಅದರ ಹಿಂದಿನ ಮುಜುಗರವೂ ಗೊತ್ತು.

ಇನ್ನೊಂದು ಸಂಗತಿ. ಈ ಬರಕ್ಕೆ ಹತ್ತು ವರ್ಷ ಮೊದಲೇ, 1866ರಲ್ಲಿ, ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಛಾಯಾಚಿತ್ರಗಳ ದೊಡ್ಡ ಗ್ರಂಥವೊಂದು ಲಂಡನ್ನಿನಲ್ಲಿ ಹೊರಬಂದಿತ್ತು. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅದಕ್ಕೆ ವಿವರಣೆ ಬರೆದರು. ಹರಿಹರದ ದೇವಾಲಯವೂ ಅದರಲ್ಲಿದೆ. ಆ ಗುಡಿಯನ್ನು ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವ ದಂಡನಾಯಕ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಹೂಪರನ ಗಾಜಿನ ಹಲಗೆಗಳ ಮೇಲೆ ಕುಳಿತ ಜನರ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.