ಗಾರೆಯಿಲ್ಲದ ಕಟ್ಟಡ: ಆಟದ ಇಟ್ಟಿಗೆಯ ಸ್ವತಂತ್ರ ಮಾದರಿಗಳೂ ಮಾರಿಕಣಿವೆಯ ಒಂದು ನಿದರ್ಶನವೂ

ಕಟ್ಟಡಗಳ ಚರಿತ್ರೆಯನ್ನು ಬರೆಯುವವರು ಕೋಟೆ, ದೇವಾಲಯ, ಅರಮನೆ, ಕೆರೆಕಟ್ಟೆಗಳನ್ನು ಕುರಿತು ವಿಚಾರಮಾಡುವರೇ ಹೊರತು ಮಕ್ಕಳ ಆಟಿಕೆಗಳತ್ತ ದೃಷ್ಟಿ ಹರಿಸುವುದು ವಿರಳ. ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಮನೆ, ಸೇತುವೆ, ಗೋಪುರಗಳನ್ನು ಕಟ್ಟುವ ಆಟವನ್ನು ವಿದ್ವತ್ಪತ್ರಿಕೆಯೊಂದರಲ್ಲಿ ಚರ್ಚಿಸುವುದು ಕೆಲವರಿಗೆ ವಿನೋದವಾಗಿಯೂ ತೋರಬಹುದು. ಆದರೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ಕಟ್ಟೆಯನ್ನು ಇಂಥ ಇಟ್ಟಿಗೆಗಳಿಂದ ಅಳತೆಗೆ ಸರಿಯಾಗಿ ಕಟ್ಟಲು ಯತ್ನಿಸಿದಾಗ, ನಮ್ಮ ಶಾಸ್ತ್ರಕ್ಕೆ ಸಂಬಂಧಿಸಿದ ಒಂದು ಪ್ರಶ್ನೆ ನಮಗೆ ಎದುರಾಯಿತು. ಗತವಸ್ತುವಿನ ಮಾದರಿಯನ್ನು ರಚಿಸುವವನು ಯಾವುದನ್ನು ಕಂಡು ಕಟ್ಟುತ್ತಾನೆ, ಯಾವುದನ್ನು ಕಾಣದೆ ಬಿಡುತ್ತಾನೆ, ತಪ್ಪು ತಿಳಿದಮೇಲೆ ಅದನ್ನು ಹೇಗೆ ತಿದ್ದುತ್ತಾನೆ? ಪ್ರಕೃತ ಲೇಖನದಲ್ಲಿ ಈ ಆಟಿಕೆಯ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಅದನ್ನು ನಮ್ಮ ಸೀಮೆಯ ಕಟ್ಟುವಿಕೆಯ ಪದ್ಧತಿಗಳೊಡನೆ ಹೋಲಿಸಿ, ಆ ಪ್ರಶ್ನೆಗೆ ಬರಲು ಯತ್ನಿಸುತ್ತೇವೆ.

ಮಕ್ಕಳಿಗೆ ಕಟ್ಟುವ ತುಂಡುಗಳನ್ನು ಕೊಟ್ಟು ಕಲಿಸಬೇಕೆಂಬ ವಿಚಾರ ಹಳೆಯದು. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಮರದ ಘನಾಕೃತಿಗಳನ್ನು ಶಿಶುಶಿಕ್ಷಣದ ಸಾಧನವನ್ನಾಗಿ ಮಾಡಿದನು. 1901ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ ರಂಧ್ರಗಳುಳ್ಳ ಲೋಹದ ಪಟ್ಟಿಗಳನ್ನು ತಿರುಪುಗಳಿಂದ ಬಿಗಿಯುವ ಆಟಿಕೆಗೆ ಏಕಸ್ವಾಮ್ಯ ಪಡೆದನು. ಅದೇ ಮುಂದೆ ಮೆಕ್ಯಾನೋ ಎಂದು ಪ್ರಸಿದ್ಧವಾಯಿತು. 1935ರಲ್ಲಿ ಅದೇ ದೇಶದಲ್ಲಿ ಪರಸ್ಪರ ಕೂಡುವ ರಬ್ಬರಿನ ಇಟ್ಟಿಗೆಗಳು ಬಂದವು. 1947ರಲ್ಲಿ ಹಿಲರಿ ಪೇಜ್ ಎಂಬಾತನು ಮೇಲ್ಗಡೆ ಗುಬ್ಬಿಗಳುಳ್ಳ ಪ್ಲಾಸ್ಟಿಕ್ ಇಟ್ಟಿಗೆಯನ್ನು ಮಾರಾಟಕ್ಕೆ ತಂದನು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನಲ್ಲಿ 1932ರಿಂದ ಮರದ ಆಟಿಕೆಗಳನ್ನು ಮಾಡುತ್ತಿದ್ದ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್‌ನ ಲೆಗೋ ಸಂಸ್ಥೆ ಆ ಮಾದರಿಯನ್ನೇ ಅನುಸರಿಸಿ 1949ರಲ್ಲಿ ತನ್ನ ಇಟ್ಟಿಗೆಯನ್ನು ಹೊರತಂದಿತು.

ಆ ಮೊದಲಿನ ಇಟ್ಟಿಗೆಗಳಲ್ಲಿ ಒಂದು ಕೊರತೆಯಿತ್ತು. ಅವು ಒಳಗೆ ಬರಿದಾಗಿದ್ದುದರಿಂದ ಕೂಡಿಸಿದಮೇಲೆ ಭದ್ರವಾಗಿ ನಿಲ್ಲುತ್ತಿರಲಿಲ್ಲ. ಕಟ್ಟಿದ್ದು ಎತ್ತಿದೊಡನೆ ಕಳಚಿಕೊಳ್ಳುತ್ತಿತ್ತು. ಓಲೆ ಕಿರ್ಕನ ಮಗ ಗೋಟ್‌ಫ್ರೆಡ್ ಇಟ್ಟಿಗೆಯ ಒಳಗೆ ಕೊಳವೆಗಳನ್ನು ಇಡಿಸಿ, 1958ನೆಯ ಜನವರಿ 28ರಂದು ಏಕಸ್ವಾಮ್ಯಕ್ಕೆ ಅರ್ಜಿ ಸಲ್ಲಿಸಿದನು. ಕೆಳಗಿನ ಇಟ್ಟಿಗೆಯ ಗುಬ್ಬಿಗಳು ಮೇಲಿನದರ ಕೊಳವೆ ಮತ್ತು ಗೋಡೆಗಳ ನಡುವೆ ಬಿಗಿಯಾಗಿ ಹಿಡಿಯಲ್ಪಟ್ಟು ಎರಡೂ ಒಂದಾಗಿ ನಿಲ್ಲುವುದು ಇದರ ಮರ್ಮ. ಅಂಟಿಲ್ಲ, ಮೊಳೆಯಿಲ್ಲ, ತಿರುಪಿಲ್ಲ; ಹಿಡಿತ ಕೇವಲ ಘರ್ಷಣೆಯಿಂದ. ಬೇಡವಾದಾಗ ಕೈಯಿಂದ ಬಿಡಿಸಿದರೆ ಪ್ರತಿಯೊಂದು ತುಂಡೂ ಮೊದಲಿನಂತೆಯೇ ಮರಳಿ ದೊರೆಯುತ್ತದೆ.

ಇದರಿಂದ ದೊರೆಯುವ ಸ್ವಾತಂತ್ರ್ಯವೆಷ್ಟೆಂಬುದನ್ನು ಗಣಿತಜ್ಞರು ಲೆಕ್ಕಹಾಕಿದ್ದಾರೆ. ಎಂಟು ಗುಬ್ಬಿಗಳುಳ್ಳ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ವಿಧವಾಗಿ ಕೂಡಿಸಬಹುದು; ಮೂರನ್ನು 1,060 ವಿಧವಾಗಿ. ಆರು ಇಟ್ಟಿಗೆಗಳಿಗೆ ಬಹುಕಾಲ 10,29,81,500 ಎಂಬ ಸಂಖ್ಯೆಯನ್ನು ಹೇಳಲಾಗುತ್ತಿತ್ತು. ಅದು ಒಂದರ ಮೇಲೊಂದಾಗಿ ಆರು ಅಂತಸ್ತು ಏರಿಸುವ ವಿಧಗಳನ್ನು ಮಾತ್ರ ಎಣಿಸಿದ ಲೆಕ್ಕವೆಂಬುದು ಅನಂತರ ಸ್ಪಷ್ಟಪಟ್ಟಿತು. ಎಲ್ಲ ವಿಧಗಳನ್ನೂ ಎಣಿಸಿದರೆ ಆ ಸಂಖ್ಯೆ 91,51,03,765 ಆಗುತ್ತದೆಂದು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಗಣಿತಜ್ಞರು ತೋರಿಸಿಕೊಟ್ಟರು. ಎತ್ತರಕ್ಕೆ ಏರಿದ್ದನ್ನು ಮಾತ್ರ ಎಣಿಸಿ ಪಕ್ಕಕ್ಕೆ ಹರಡಿದ್ದನ್ನು ಮರೆಯುವ ಈ ಬಗೆಯ ತಪ್ಪು ಗಣಿತಕ್ಕೆ ಮಾತ್ರ ಸೀಮಿತವಲ್ಲವೆಂಬುದನ್ನು ಮುಂದೆ ಕಾಣುತ್ತೇವೆ.

1964ರಿಂದ ಈ ಆಟಿಕೆಯ ಪೆಟ್ಟಿಗೆಗಳಲ್ಲಿ ಕಟ್ಟುವ ಕ್ರಮವನ್ನು ಚಿತ್ರಗಳಲ್ಲಿ ತೋರಿಸುವ ಪುಸ್ತಿಕೆಗಳು ಬರತೊಡಗಿದವು. ಅಂದಿನಿಂದ ಕಟ್ಟುವವರಲ್ಲಿ ಎರಡು ಮಾರ್ಗಗಳಾದವು. ಒಂದು, ಪುಸ್ತಿಕೆ ಹೇಳಿದಂತೆ ಹೇಳಿದ್ದನ್ನೇ ಕಟ್ಟುವುದು. ಇನ್ನೊಂದು, ಪುಸ್ತಿಕೆಯನ್ನು ಬದಿಗಿಟ್ಟು ತಾನೇ ಯೋಜಿಸಿ ಕಟ್ಟುವುದು. 1968ರಲ್ಲಿ ಬಿಲ್ಲುಂಡಿನಲ್ಲಿ ತೆರೆದ ವಿಹಾರೋದ್ಯಾನದ ಕಿರುನಗರಗಳು ಡಾಗ್ನಿ ಹೋಲ್ಮ್ ಎಂಬಾಕೆಯೂ ಆಕೆಯ ಸಂಗಡಿಗರೂ ನಿಜವಾದ ಊರು, ಬಂದರು, ಚರ್ಚುಗಳನ್ನು ನೋಡಿ ಯೋಜಿಸಿದ ಎರಡನೆಯ ಬಗೆಯ ರಚನೆಗಳು. ನಮ್ಮ ವಿಚಾರಕ್ಕೆ ವಿಷಯವಾಗಿರುವುದೂ ಈ ಎರಡನೆಯ ಮಾರ್ಗವೇ. ಮಾರಿಕಣಿವೆಗೆ ಯಾವ ಪುಸ್ತಿಕೆಯೂ ಇಲ್ಲವಷ್ಟೆ.

ಇನ್ನು ನಮ್ಮ ಸೀಮೆಗೆ ಬರೋಣ. ಕೂಡಿಸುವ ವಿದ್ಯೆಯ ಮೂರು ಭಿನ್ನ ರೀತಿಗಳನ್ನು ಚಿತ್ರದುರ್ಗ-ಹಿರಿಯೂರು ಪ್ರದೇಶದಲ್ಲಿಯೇ ಕಾಣಬಹುದು. ಮೊದಲನೆಯದು ಚಿತ್ರದುರ್ಗದ ಏಳುಸುತ್ತಿನ ಕೋಟೆ. ಅಲ್ಲಿ ಕಗ್ಗಲ್ಲಿನ ದೊಡ್ಡ ತುಂಡುಗಳನ್ನು ಗಾರೆಯ ನೆರವಿಲ್ಲದೆ, ಪಕ್ಕದ ಕಲ್ಲಿನ ಅಂಚಿಗೆ ಹೊಂದುವಂತೆ ಕಡಿದು ಕೂಡಿಸಿದ ಗೋಡೆಗಳಿವೆ. ಇಲ್ಲಿಯ ಹಿಡಿತ ತೂಕದಿಂದ ಬಂದದ್ದು. ಆದರೆ ಆ ಗೋಡೆಯ ಒಂದೊಂದು ಕಲ್ಲೂ ತನ್ನ ನೆರೆಯ ಕಲ್ಲುಗಳಿಗಾಗಿಯೇ ಕಡಿಯಲ್ಪಟ್ಟುದು. ಅದಕ್ಕೆ ಲೋಕದಲ್ಲಿ ಇರುವುದು ಒಂದೇ ಸ್ಥಾನ. ಎರಡನೆಯದು 1898ರಲ್ಲಿ ಆರಂಭವಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ಕಟ್ಟೆ, ಅರ್ಥಾತ್ ವಾಣೀವಿಲಾಸಸಾಗರ. ಇದು ಗಾರೆಯಿಂದ ಬೆಸೆದ ಕಲ್ಲಿನ ಕೆಲಸ. ಸಾವಿರಾರು ಕಲ್ಲುಗಳು ಸೇರಿ ಒಂದೇ ಬಂಡೆಯಾಗಬೇಕೆಂಬುದು ಇದರ ಉದ್ದೇಶ. ಇಲ್ಲಿ ಬಿಡಿಸುವ ಮಾತೇ ಇಲ್ಲ. ಮೂರನೆಯದು ತೇರು. ಹಿರಿಯೂರಿನ ಆರಾಧ್ಯದೈವವಾದ ತೇರುಮಲ್ಲೇಶ್ವರನ ಹೆಸರಿನಲ್ಲಿಯೇ ಅದು ನೆಲೆಸಿದೆ. ನಮ್ಮ ನಾಡಿನ ತೇರುಗಳಲ್ಲಿ ಸಾಮಾನ್ಯವಾಗಿ ಗಾಲಿ ಮತ್ತು ಕೆತ್ತನೆಯ ಅಡಿಭಾಗ ಸ್ಥಿರವಾಗಿದ್ದು, ಮೇಲಿನ ಗೋಪುರವನ್ನು ಗಳು, ಹಗ್ಗ, ಬಟ್ಟೆಗಳಿಂದ ಜಾತ್ರೆಯ ಕಾಲಕ್ಕೆ ಕಟ್ಟಿ ಅನಂತರ ಬಿಚ್ಚಿಡುವರು. ಇಲ್ಲಿ ಕಟ್ಟುವುದೂ ಇದೆ, ಬಿಡಿಸುವುದೂ ಇದೆ. ಆದರೆ ವರ್ಷವರ್ಷವೂ ಮೂಡುವ ಆಕಾರ ಅದೇ.

ಕೋಟೆಯ ಕಲ್ಲು ಗಾರೆಯಿಲ್ಲದೆ ನಿಲ್ಲುತ್ತದೆ, ಆದರೆ ಸ್ಥಳ ಬದಲಿಸದು. ಕಟ್ಟೆಯ ಕಲ್ಲು ಎಂದೆಂದಿಗೂ ನಿಲ್ಲುತ್ತದೆ, ಆದರೆ ಬಿಡದು. ತೇರಿನ ಗಳು ಬಿಡುತ್ತದೆ, ಆದರೆ ಹೊಸ ರೂಪ ತಾಳದು. ನಿಲ್ಲುವುದು, ಬಿಡುವುದು, ಬೇರೆಡೆ ಸೇರುವುದು ಈ ಮೂರೂ ಒಂದೇ ತುಂಡಿನಲ್ಲಿ ಕೂಡಿಬರಬೇಕಾದರೆ ತುಂಡುಗಳಿಗೆಲ್ಲ ಒಂದೇ ಅಳತೆ ಇರಬೇಕು. ಆಟದ ಇಟ್ಟಿಗೆಯಲ್ಲಿ ಗುಬ್ಬಿಯಿಂದ ಗುಬ್ಬಿಗೆ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್ ಎಂಬ ನಿಯಮ ತಪ್ಪುವುದಿಲ್ಲ.

ಅಳತೆ ನಿಯತವಾದರೆ ಕಲ್ಪನೆಗೆ ಅವಕಾಶವೆಲ್ಲಿ ಎಂದು ಕೆಲವರು ಕೇಳಬಹುದು. ಇದಕ್ಕೆ ಕರ್ನಾಟಕದ ಸ್ಥಪತಿಗಳೇ ಉತ್ತರ ಕೊಟ್ಟಿದ್ದಾರೆ. ಕಲ್ಯಾಣದ ಚಾಲುಕ್ಯರ ಕಾಲದ ದೇವಾಲಯಗಳ ಶಿಖರಗಳನ್ನು ಪರಿಶೀಲಿಸಿದರೆ ಕೂಟ, ಶಾಲೆ, ಪಂಜರಗಳೆಂಬ ಕೆಲವೇ ಅಂಗಗಳು ಮತ್ತೆ ಮತ್ತೆ ಕಾಣುತ್ತವೆ. ಒಂದೊಂದು ಅಂಗವೂ ಒಂದು ಕಿರಿಯ ಗುಡಿಯ ಮಾದರಿಯೇ. ಇವುಗಳ ಜೋಡಣೆಯನ್ನು ಬದಲಿಸಿ, ಒಂದನ್ನು ಮುಂಚಾಚಿ, ಇನ್ನೊಂದನ್ನು ಹಿಂಜರಿಸಿ ಲಕ್ಕುಂಡಿಯ ಕಾಶಿವಿಶ್ವೇಶ್ವರ, 1112ರ ಇಟಗಿಯ ಮಹಾದೇವ ದೇವಾಲಯ ಮೊದಲಾದ ಒಂದರಂತೊಂದಿಲ್ಲದ ಕಟ್ಟಡಗಳನ್ನು ಅವರು ನಿರ್ಮಿಸಿದರು. ಅವುಗಳ ಹೊರಗೋಡೆಗಳ ಮೇಲೆ ನಾನಾ ವಿಧದ ಶಿಖರಗಳುಳ್ಳ ಪುಟ್ಟ ಗುಡಿಗಳನ್ನು ಬಿಡಿಸಿರುವುದು, ತಮ್ಮ ಕೈಯಲ್ಲಿದ್ದ ರೂಪಗಳನ್ನು ಅವರು ಒಂದು ಪಟ್ಟಿಯಂತೆ ಬಲ್ಲವರಾಗಿದ್ದರೆಂಬುದನ್ನು ಸೂಚಿಸುತ್ತದೆ. ಹೊಳಲಿನ ಅಮೃತೇಶ್ವರ ದೇವಾಲಯದ ಶಾಸನವು ಬಮ್ಮೋಜನೆಂಬ ಶಿಲ್ಪಿಯನ್ನು ಹೊಗಳುವಾಗ ನಾಗರ, ಕಾಳಿಂಗ, ದ್ರಾವಿಡ, ವೇಸರಗಳೆಂಬ ಭೇದಗಳನ್ನು ಹೆಸರಿಸುವುದೂ ಇಲ್ಲಿ ಸ್ಮರಣೀಯ. ಹೊಸತನವೆಂಬುದು ಹೊಸ ತುಂಡನ್ನು ಹುಟ್ಟಿಸುವುದರಲ್ಲಿ ಮಾತ್ರವಿಲ್ಲ, ಇರುವ ತುಂಡುಗಳ ಹೊಸ ಸಂಬಂಧವನ್ನು ಕಾಣುವುದರಲ್ಲಿಯೂ ಇದೆಯೆಂದು ನಾವು ಭಾವಿಸುತ್ತೇವೆ.

ಈಗ ನಮ್ಮ ಯತ್ನದ ವಿಚಾರ. ಮಾರಿಕಣಿವೆಯ ಕಟ್ಟೆ ಸುಮಾರು 405 ಮೀಟರ್ ಉದ್ದ, ಸುಮಾರು 50 ಮೀಟರ್ ಎತ್ತರವಾಗಿದ್ದು, ವೇದಾವತಿ ನದಿಯನ್ನು ಎರಡು ಗುಡ್ಡಗಳ ನಡುವೆ ತಡೆದಿದೆ. ಒಂದು ಇಟ್ಟಿಗೆಯ ಎತ್ತರವನ್ನು 2 ಮೀಟರಿಗೆ ಸಮನೆಂದು ನಿಶ್ಚಯಿಸಿಕೊಂಡರೆ ಒಂದು ಗುಬ್ಬಿಯ ಅಂತರ ಸುಮಾರು 1.67 ಮೀಟರ್ ಆಗುತ್ತದೆ. ಆಗ ಕಟ್ಟೆಯ ಎತ್ತರಕ್ಕೆ 25 ವರಸೆ, ಉದ್ದಕ್ಕೆ 243 ಗುಬ್ಬಿಗಳು ಬೇಕು. ಮಾದರಿ ಎರಡು ಮೀಟರಿಗೆ ತುಸು ಕಡಮೆ ಉದ್ದವಾಗುತ್ತದೆ. ಮೊದಲು ನಾವು ಒಂದೇ ದಪ್ಪದ ಗೋಡೆಯನ್ನು ಎಬ್ಬಿಸಿದೆವು. ಅದು ನೋಡಲು ಕಟ್ಟೆಯಂತೆಯೇ ಇದ್ದರೂ ಬೆರಳಿನಿಂದ ಒತ್ತಿದೊಡನೆ ಬಾಗಿತು. ಅಂಥ ಕಟ್ಟೆ ಗೋಡೆಯಲ್ಲ. ಬುಡದಲ್ಲಿ ಅಗಲವಾಗಿ ತಲೆಯಲ್ಲಿ ಕಿರಿದಾಗಿ, ತನ್ನ ತೂಕದಿಂದಲೇ ನೀರನ್ನು ತಡೆಯುವ ಬೆಣೆ. ಪುಸ್ತಕದಲ್ಲಿ ಓದಿ ತಿಳಿದಿದ್ದ ಈ ವಿಷಯವನ್ನು ಕೈ ಅಂದು ತಿಳಿಯಿತು. ವರಸೆಗೊಂದು ಗುಬ್ಬಿಯಂತೆ ಹಿಂದಕ್ಕೆ ಸರಿಸುತ್ತ ಹೋದರೆ 6 ಪಾಲು ಏರಿಗೆ 5 ಪಾಲು ಓಟ ದೊರೆಯುತ್ತದೆ. ಕಡಿದಾದ ಓಟ ಬೇಕಾದೆಡೆ ನಡುನಡುವೆ ಕೆಲವು ವರಸೆಗಳನ್ನು ನೇರವಾಗಿ ಏರಿಸಬೇಕು. ಸಂದಿಯ ಮೇಲೆ ಸಂದಿ ಬರಬಾರದೆಂಬ ಗಾರೆಕೆಲಸದವರ ಹಳೆಯ ನಿಯಮ ಇಲ್ಲಿಯೂ ಅಷ್ಟೇ ನಿಷ್ಠುರವಾಗಿ ಅನ್ವಯಿಸಿತು. ನೆಲದೊಳಗಿನ ತಳಹದಿಯನ್ನು ನಾವು ಕಂಡವರಲ್ಲವಾದುದರಿಂದ ಆ ಭಾಗಕ್ಕೆ ಬೇರೆ ಬಣ್ಣದ ಇಟ್ಟಿಗೆಗಳನ್ನು ಬಳಸಿ, ಊಹೆಯನ್ನು ಕಂಡದ್ದರಿಂದ ಬೇರ್ಪಡಿಸಿದೆವು.

ಇಷ್ಟು ಎಚ್ಚರ ವಹಿಸಿದರೂ ಒಂದು ದೊಡ್ಡ ಪ್ರಮಾದ ನಮ್ಮಿಂದ ಆಯಿತು. ನಮ್ಮ ಮಾದರಿಯಲ್ಲಿ ಕೋಡಿಯೇ ಇರಲಿಲ್ಲ. ಕಟ್ಟೆ, ಅದರ ಮೇಲಿನ ಮಂಟಪ, ಇಕ್ಕೆಲದ ಗುಡ್ಡ ಎಲ್ಲವೂ ಇದ್ದವು. ತುಂಬಿದ ನೀರು ಹೊರಹೋಗುವ ದಾರಿಯನ್ನು ಮಾತ್ರ ನಾವು ಮರೆತಿದ್ದೆವು. ಕಾರಣ ಸರಳ. ಜಲಾಶಯ 1933ರಲ್ಲಿ ತುಂಬಿ ಹರಿದಮೇಲೆ ಸುಮಾರು ಒಂಬತ್ತು ದಶಕಗಳ ಕಾಲ ಕೋಡಿ ಹರಿದಿರಲಿಲ್ಲ. ನಮಗೆ ಕಟ್ಟೆಯನ್ನು ತೋರಿಸಿದವರೂ, ಅವರಿಗೆ ತೋರಿಸಿದವರೂ ಕೋಡಿಯಲ್ಲಿ ನೀರನ್ನು ಕಂಡವರಲ್ಲ. 130 ಅಡಿಯ ಮಟ್ಟವೆಂಬುದು ಆ ಊರುಗಳಲ್ಲಿ ಒಂದು ಮಾತಾಗಿ ಉಳಿದಿತ್ತೇ ಹೊರತು ನೋಟವಾಗಿ ಉಳಿದಿರಲಿಲ್ಲ. 2022ನೆಯ ಸೆಪ್ಟೆಂಬರಿನಲ್ಲಿ ಜಲಾಶಯ ತುಂಬಿ ಕೋಡಿ ಹರಿದಾಗ ಜನ ತಂಡೋಪತಂಡವಾಗಿ ಹೋಗಿ ನೋಡಿದರು. ನಮ್ಮ ಮಾದರಿ ಅಂದಿಗೆ ಸುಳ್ಳಾಯಿತು, ಅಥವಾ ಅದು ಮೊದಲಿನಿಂದಲೂ ಸುಳ್ಳಾಗಿತ್ತೆಂಬುದು ಅಂದು ತಿಳಿಯಿತೆನ್ನುವುದೇ ಸರಿ. ಎತ್ತರವನ್ನು ಎಣಿಸಿ ಹರವನ್ನು ಮರೆತ ಆ ಹಳೆಯ ಲೆಕ್ಕದಂತೆಯೇ ನಾವೂ ಕಣ್ಣಿಗೆ ಎದ್ದುಕಾಣುವುದನ್ನು ಮಾತ್ರ ಎಣಿಸಿದ್ದೆವು. 2025ರ ಜನವರಿಯಲ್ಲಿ ಕೋಡಿ ಮತ್ತೊಮ್ಮೆ ಹರಿಯಿತು. ಅಷ್ಟರಲ್ಲಿ ನಮ್ಮ ಮಾದರಿಯೂ ತಿದ್ದಲ್ಪಟ್ಟಿತ್ತು.

ತಿದ್ದಿದ ಬಗೆಯೇ ಈ ಲೇಖನಕ್ಕೆ ಪ್ರೇರಣೆ. ಗಾರೆಯಿಂದಲೋ ಮಣ್ಣಿನಿಂದಲೋ ಮಾಡಿದ ಮಾದರಿಯಾಗಿದ್ದರೆ ಅದನ್ನು ಒಡೆಯಬೇಕಾಗುತ್ತಿತ್ತು, ಇಲ್ಲವೆ ತಪ್ಪನ್ನು ಉಳಿಸಿಕೊಳ್ಳಬೇಕಾಗುತ್ತಿತ್ತು. ಎರಡನೆಯದೇ ಮನುಷ್ಯಸ್ವಭಾವಕ್ಕೆ ಸಹಜ. ಇಲ್ಲಿ ಗುಡ್ಡದ ಒಂದು ಭಾಗವನ್ನು ವರಸೆವರಸೆಯಾಗಿ ಬಿಡಿಸಿ, ಕೋಡಿಗೆ ಎಡೆಮಾಡಿ, ಬಿಡಿಸಿದ ಇಟ್ಟಿಗೆಗಳನ್ನೇ ಮರಳಿ ಬಳಸಿ ಕಟ್ಟಿದೆವು. ಉಳಿದ ಕಟ್ಟೆ ಅಲುಗಲಿಲ್ಲ. ಒಂದು ಇಟ್ಟಿಗೆಯೂ ವ್ಯರ್ಥವಾಗಲಿಲ್ಲ.

ಚರಿತ್ರೆಯ ಬರವಣಿಗೆಯೂ ಹೀಗೆಯೇ ಇರತಕ್ಕದ್ದೆಂದು ನಮ್ಮ ಅಭಿಪ್ರಾಯ. ಒಂದೊಂದು ಆಧಾರಕ್ಕೂ ತನ್ನದೇ ಆದ ಅಳತೆ ಮತ್ತು ಅಂಚು ಇರಬೇಕು. ಊಹೆಯ ಬಣ್ಣ ಬೇರೆಯಾಗಿರಬೇಕು. ಹೊಸ ಶಾಸನವೋ ಹೊಸ ಪ್ರವಾಹವೋ ಬಂದಾಗ ತಪ್ಪಿದ ಭಾಗವನ್ನು ಬಿಡಿಸಿ ತೆಗೆಯಲು ಸಾಧ್ಯವಾಗಬೇಕು. ಅಭಿಮಾನವೆಂಬ ಗಾರೆಯಿಂದ ಬೆಸೆದ ಚರಿತ್ರೆ ಭದ್ರವಾಗಿ ಕಾಣುತ್ತದೆ. ಅದನ್ನು ತಿದ್ದಹೊರಟವನು ಇಡೀ ಕಟ್ಟಡವನ್ನೇ ಒಡೆಯಬೇಕಾಗುತ್ತದೆ.

ಈ ಕಾರಣದಿಂದ, ತಮ್ಮ ಊರಿನ ಒಂದು ಕಟ್ಟಡವನ್ನು ಅಳೆದು, ಯಾವ ಪುಸ್ತಿಕೆಯ ನೆರವೂ ಇಲ್ಲದೆ ಅದರ ಮಾದರಿಯನ್ನು ಆಟದ ಇಟ್ಟಿಗೆಗಳಿಂದ ಕಟ್ಟುವ ಅಭ್ಯಾಸವನ್ನು ಚರಿತ್ರೆಯ ವಿದ್ಯಾರ್ಥಿಗಳು ಕೈಗೊಳ್ಳುವುದು ಉಚಿತವೆಂದು ಸೂಚಿಸುತ್ತೇವೆ. ಕೋಟೆಯ ಒಂದು ಬಾಗಿಲಾಗಲಿ, ಊರ ಕಲ್ಯಾಣಿಯಾಗಲಿ, ಹಳೆಯ ತೊಟ್ಟಿಮನೆಯಾಗಲಿ ಸಾಕು. ಕಟ್ಟಿ ಮುಗಿಸಿದವರು ಒಂದು ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಲಿ: ಇದರಲ್ಲಿ ಕೋಡಿ ಎಲ್ಲಿದೆ?